ಚಾದರ ತಂದ ಹುಡುಗಿ ಎಲ್ಲಿ ಹೋದಳು

ಜನವರಿ 9

ಮಾನ್ಯರೇ,

ನಾನು ಸಿನಿಮಾದವಳಲ್ಲ. ಯೂನಿಫಾರ್ಮ್ ಹೊಲಿಯುವ ಅಂಗಡಿಯಲ್ಲಿ ಟೈಲರ್. ಶಾಲೆ ಮಕ್ಕಳ ಅಂಗಿ, ನರ್ಸುಗಳ ಕೋಟು, ಸೆಕ್ಯುರಿಟಿಯವರ ಪ್ಯಾಂಟು, ಇಷ್ಟರಲ್ಲೇ ನನ್ನ ದಿನ ಮುಗಿಯುತ್ತದೆ. ದೆವ್ವದ ಸಿನಿಮಾ ನೋಡುವ ಧೈರ್ಯವೂ ನನಗಿಲ್ಲ. ಆದರೂ ಹೋದ ವಾರ ನಿಮ್ಮ ಚಿತ್ರ ನೋಡಿದೆ. ನಮ್ಮ ಅಂಗಡಿಯ ಕಟಿಂಗ್ ಮಾಸ್ಟರ್ ನೋಡಿಕೊಂಡು ಬಂದು, "ಅದ್ರಲ್ಲಿ ಒಬ್ಬಳು ಹುಡುಗಿ ಬರ್ತಾಳೆ ನೋಡಿ, ಥೇಟ್ ನಿಮ್ಮ ತಂಗೀದೇ ಎರಕ" ಎಂದರು.

ಎರಕವೇನು, ಅವಳೇ! ಹಳೇ ಲಾಡ್ಜಿನಲ್ಲಿ ಕೋಣೆ ಗುಡಿಸುವ ಹುಡುಗಿಯ ಪಾತ್ರ. ಎಡಗೈ ಮೇಲೆ ಚಾದರಗಳ ರಾಶಿ ಹೊತ್ತು ಬರುತ್ತಾಳೆ. ಮುಖ ಸರಿಯಾಗಿ ಕಾಣದಿದ್ದರೂ ಒಂದು ಭುಜ ವಾಲಿಸಿ ನಡೆಯುವುದು ನೋಡಿಯೇ ನನಗೆ ಗೊತ್ತಾಯಿತು. ಕೊನೆಯ ಕೋಣೆಯೊಳಗೆ ಏನೋ ಸದ್ದು. "ಯಾರು ಒಳಗೆ?" ಎನ್ನುತ್ತಾಳೆ. ಒಳಗೆ ಹೋಗುತ್ತಾಳೆ. ಬಾಗಿಲು ಮುಚ್ಚುತ್ತದೆ. ಅಲ್ಲಿಗೆ ಮುಗಿಯಿತು. ಆಮೇಲೆ ಲಾಡ್ಜಿನ ಮ್ಯಾನೇಜರ್ ಬೇರೆ ಯಾರಿಗೋ, "ಏಯ್, ಆ ರೂಮಿಗೆ ಚಾದರ ಹಾಕು" ಎನ್ನುತ್ತಾನೆ. ಮೊದಲಿನವಳು ಎಲ್ಲಿ ಎಂದು ಒಬ್ಬರೂ ಕೇಳುವುದಿಲ್ಲ. ಹೀರೋಯಿನ್ ಬದುಕಿ ಬಂದಳು, ಜನ ಎದ್ದು ಹೊರಟರು. ನಾನು ಕೂತೇ ಇದ್ದೆ.

ಮನೆಯಲ್ಲಿ ನಾವು ಅವಳನ್ನು ಗುಬ್ಬಿ ಎನ್ನುತ್ತೇವೆ. ಅಪ್ಪ ಅಮ್ಮ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದಳು. ಒಂದು ದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಇರಲಿಲ್ಲ. ಬಟ್ಟೆ ಚೀಲವೂ ಇಲ್ಲ, ಒಂದು ಮಾತೂ ಇಲ್ಲ. ಆಮೇಲೆ ಫೋನ್ ನಂಬರ್ ಬದಲಾಯಿತು. ನಮ್ಮ ಯಜಮಾನರು ಅವಳನ್ನು ಹೆತ್ತ ಮಗಳಂತೆ ನೋಡಿಕೊಂಡವರು. ನನಗಿಂತ ಅವರೇ ಹೆಚ್ಚು ಹುಡುಕಾಡಿದರು. "ನಟನೆ ಹುಚ್ಚು ಹತ್ತಿತ್ತು, ಅದಕ್ಕೇ ಓಡಿಹೋದಳು" ಎನ್ನುತ್ತಾರೆ. ನಿಮ್ಮ ಸ್ಟುಡಿಯೋಗೆ ಫೋನ್ ಮಾಡಿದರೆ ಗೇಟಿನವನು ಯಾರಿಗೂ ಕೊಡುವುದಿಲ್ಲ. ಯಜಮಾನರೇ ಕಾಗದ ಬರೆ ಎಂದರು.

ಎರಡು ವಿಷಯ ಕೇಳುತ್ತೇನೆ. ಕಥೆಯಲ್ಲಿ ಆ ಹುಡುಗಿಗೆ ಏನಾಯಿತು? ನನ್ನ ತಂಗಿ ಈಗ ಎಲ್ಲಿದ್ದಾಳೆ? ದಯವಿಟ್ಟು ಮನೆ ವಿಳಾಸಕ್ಕೆ ಉತ್ತರಿಸಿ.

ಇಂತಿ,
ಗುಬ್ಬಿಯ ಅಕ್ಕ

*

ಜನವರಿ 27

ನಮಸ್ಕಾರ.

ನಿಮ್ಮ ಕಾಗದ ನಿರ್ದೇಶಕರ ಮೇಜಿನ ಮೇಲಿಂದ ನನ್ನ ಮೇಜಿಗೆ ಬಂತು. ಇಂಥವನ್ನೆಲ್ಲ ಅವರು ನನಗೇ ದಾಟಿಸುತ್ತಾರೆ. ನಾನು ಆ ಚಿತ್ರದ ಸಂಕಲನಕಾರ್ತಿ. ಶೂಟಿಂಗ್ ಆದಮೇಲೆ ಬೇಕಾದ್ದನ್ನು ಇಟ್ಟುಕೊಂಡು, ಬೇಡದ್ದನ್ನು ಕತ್ತರಿಸಿ, ಜೋಡಿಸುವುದು ನನ್ನ ಕೆಲಸ. ನಿಮ್ಮದೂ ನನ್ನದೂ ಹೆಚ್ಚುಕಡಿಮೆ ಒಂದೇ ಕಸುಬು.

ಮೊದಲನೇ ಪ್ರಶ್ನೆಗೆ ಉತ್ತರ: ಏನಾಯಿತೆಂದು ಚಿತ್ರದಲ್ಲಿ ಹೇಳಿಲ್ಲ. ಇಂಥ ಚಿತ್ರಗಳ ರೀತಿಯೇ ಹಾಗೆ. ಹಾಲು ಹಾಕುವವನು, ವಾಚ್‌ಮನ್, ಪಕ್ಕದ ಮನೆಯ ಮುದುಕಿ, ಇವರೆಲ್ಲ ಕತ್ತಲೊಳಗೆ ಹೋಗುವುದಕ್ಕೆಂದೇ ಬರುವವರು. ಒಬ್ಬರು ಮಾಯವಾದರೆ ನೋಡುವವರಿಗೆ ಭಯ. ಅವರನ್ನು ಹುಡುಕುತ್ತ ಕೂತರೆ ಆಕಳಿಕೆ. ಆ ಹುಡುಗಿಯದು ಇನ್ನೊಂದು ದೃಶ್ಯವಿತ್ತು, ತೆಗೆದುಹಾಕಿದೆವು. ಇಷ್ಟು ವರ್ಷದಲ್ಲಿ "ಅವಳೇನಾದಳು?" ಎಂದು ನನ್ನನ್ನು ಕೇಳಿದವರು ನೀವೊಬ್ಬರೇ.

ಎರಡನೆಯದು ನನಗೆ ಗೊತ್ತಿಲ್ಲ. ಸಣ್ಣ ಪಾತ್ರದವರು ಏಜೆಂಟರ ಮೂಲಕ ಬರುತ್ತಾರೆ, ಕೆಲಸ ಮುಗಿಸಿ ಹೋಗುತ್ತಾರೆ. ಬಾಯಿಗೆ ಅಂಗೈ ಅಡ್ಡ ಹಿಡಿದು ನಗುವ ಹುಡುಗಿ ಎಂದಷ್ಟೇ ನೆನಪು. ಹೆಚ್ಚಿಗೆ ಏನನ್ನೂ ಹೇಳಲಾರೆ, ಕ್ಷಮಿಸಿ.

ಇಂತಿ,
ಸಂಕಲನಕಾರ್ತಿ

*

ಫೆಬ್ರವರಿ 11

ಮೇಡಂ,

ನಿಮ್ಮ ಕಾಗದ ಓದಿ, ಮತ್ತೊಮ್ಮೆ ಸಿನಿಮಾಗೆ ಹೋದೆ. ಈ ಸಲ ಕಣ್ಣು ಮುಚ್ಚದೆ ನೋಡಿದೆ. ಚಿತ್ರದಲ್ಲಿ ಅವಳು ಎಲ್ಲೂ ನಗುವುದಿಲ್ಲ. ಹಾಗಾದರೆ ಅವಳು ಅಂಗೈ ಅಡ್ಡ ಹಿಡಿದು ನಗುವುದನ್ನು ನೀವೆಲ್ಲಿ ನೋಡಿದಿರಿ? ಗುಬ್ಬಿ ಹೊಸಬರ ಮುಂದೆ ನಗುವವಳಲ್ಲ. ಹಲ್ಲಿನ ಮೇಲೆ ಹಲ್ಲು ಹತ್ತಿದೆ ಎಂದು ನಾಚಿಕೆ. ಬಳಕೆಯಾದವರ ಮುಂದೆ ಮಾತ್ರ ನಗುತ್ತಾಳೆ, ಅದೂ ಬಾಯಿ ಮುಚ್ಚಿಕೊಂಡು. ನಿಮಗೆ ಅವಳು ಚೆನ್ನಾಗಿಯೇ ಗೊತ್ತು ಮೇಡಂ. ನನ್ನ ಹತ್ತಿರ ಯಾಕೆ ಮುಚ್ಚಿಡುತ್ತೀರಿ?

ಆ ತೆಗೆದುಹಾಕಿದ ದೃಶ್ಯದಲ್ಲಿ ಏನಿತ್ತು? ಅದರ ಶೂಟಿಂಗ್ ಮಾಡುವಾಗ ಅವಳಿಗೆ ಏನಾದರೂ ಪೆಟ್ಟಾಯಿತೆ? ನೀವೆಲ್ಲ ಸೇರಿ ಏನೋ ಮರೆಮಾಚುತ್ತಿದ್ದೀರಿ ಎಂದು ನನ್ನ ಮನಸ್ಸು ಹೇಳುತ್ತಿದೆ.

ಈ ಕೆಳಗಿನದನ್ನು ನಮ್ಮ ಯಜಮಾನರು ಪಕ್ಕದಲ್ಲಿ ಕೂತು ಬರೆಸುತ್ತಿದ್ದಾರೆ. ಸದರಿ ಹುಡುಗಿಯ ವಿಷಯದಲ್ಲಿ ಮಾಹಿತಿ ಬಚ್ಚಿಟ್ಟರೆ ತಮ್ಮ ಸಂಸ್ಥೆಯ ಮೇಲೆ ಪೊಲೀಸು ದೂರು ದಾಖಲಿಸಲಾಗುವುದು. ಪೂರ್ತಿ ವಿಳಾಸ ಬೇಡ, ಊರು ತಿಳಿದರೂ ಸಾಕು. ಅವರು ಕೊರಿಯರ್ ಆಫೀಸಿನಲ್ಲಿ ಸೂಪರ್‌ವೈಸರ್ ಆಗಿರುವುದರಿಂದ ಉಳಿದದ್ದನ್ನು ತಾವೇ ಪತ್ತೆ ಮಾಡಿಕೊಳ್ಳುತ್ತಾರೆ.

ಇಂತಿ,
ಗುಬ್ಬಿಯ ಅಕ್ಕ

*

ಫೆಬ್ರವರಿ 25

ನಮಸ್ಕಾರ.

ವಿಚಾರಿಸಿದೆ. ಹುಡುಗಿ ಈಗ ಸಿನಿಮಾದಲ್ಲಿಲ್ಲ. ಬಂದರಿನ ಊರಿನಲ್ಲಿ ಹಡಗುಕಟ್ಟೆಯ ರಸ್ತೆಯಲ್ಲಿ ಒಂದು ಹಳೇ ಚಿತ್ರಮಂದಿರವಿದೆ. ಅಲ್ಲಿ ಟಿಕೆಟ್ ಕೊಡುವ ಕೆಲಸಕ್ಕೆ ಸೇರಿದ್ದಾಳಂತೆ. ಮಧ್ಯಾಹ್ನದ ಆಟಕ್ಕೆ ಕೌಂಟರಿನಲ್ಲಿ ಇರುತ್ತಾಳೆ. ನನಗೆ ತಿಳಿದದ್ದು ಇಷ್ಟೇ.

ಇಂತಿ,
ಸಂಕಲನಕಾರ್ತಿ

*

ಏಪ್ರಿಲ್ 2

ಮೇಡಂ,

ಕೋಪ ಮಾಡಿಕೊಂಡಿರಾ? ನನ್ನ ಹಿಂದಿನ ಕಾಗದಕ್ಕೆ ನೀವು ಉತ್ತರವನ್ನೇ ಬರೆಯಲಿಲ್ಲ. ಟಪಾಲು ಬಂತಾ ಎಂದು ಯಜಮಾನರನ್ನು ದಿನಾ ಕೇಳುತ್ತಿದ್ದೆ. ಗೇಟಿನ ಡಬ್ಬ ತೆಗೆಯುವವರು ಅವರೇ. "ಅವರೆಲ್ಲಿ ಬರೀತಾರೆ, ಬಿಟ್ಹಾಕು" ಎಂದರು. ಮೊದಲು ಬರೆ ಬರೆ ಎಂದು ಜೀವ ತಿಂದವರು, ಈಗ ಆ ಮಾತೇ ಎತ್ತುವುದಿಲ್ಲ. ಅದು ಯಾಕೋ ನನಗೆ ಸರಿ ಕಾಣಲಿಲ್ಲ.

ಬೆದರಿಸುವ ಮಾತು ನನ್ನದಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರದು ಸ್ವಲ್ಪ ಜೋರು ಬಾಯಿ. ಈಚೆಗಂತೂ ಮುಖ ಗಂಟಿಕ್ಕಿಕೊಂಡೇ ಇರುತ್ತಾರೆ. ಮಾರ್ಚಿ ಮೊದಲಲ್ಲಿ ಗೋದಾಮು ತಪಾಸಣೆ ಎಂದು ಎಲ್ಲೋ ಹೋಗಿಬಂದರು. ಬಂದಮೇಲೆ ಬೂಟು ಕೊಡವಿದರೆ ಮೆಟ್ಟಿಲ ತುಂಬ ಮರಳು. ಯಾವ ಗೋದಾಮಿನಲ್ಲಿ ಅಷ್ಟು ಮರಳಿರುತ್ತದೋ!

ಈ ಕಾಗದ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಉತ್ತರವನ್ನೂ ಅಂಗಡಿಯ ವಿಳಾಸಕ್ಕೇ ಬರೆಯಿರಿ. ಫೋನ್ ನಂಬರನ್ನೂ ಕೆಳಗೆ ಕೊಟ್ಟಿದ್ದೇನೆ. ಅವರಿಗೆ ತಿಳಿಸಿಲ್ಲ. ಯಾಕೆ ತಿಳಿಸಲಿಲ್ಲ ಎಂದು ಕೇಳಿದರೆ ನನಗೂ ಹೇಳಲು ಬರುವುದಿಲ್ಲ.

ಇಂತಿ,
ಗುಬ್ಬಿಯ ಅಕ್ಕ

*

ಏಪ್ರಿಲ್ 13

ನಮಸ್ಕಾರ.

ನಾನು ಉತ್ತರ ಬರೆದಿದ್ದೆ. ನಿಮ್ಮ ಮನೆಗೆ. ಗುಬ್ಬಿ ಬಂದರಿನ ಊರಿನ ಚಿತ್ರಮಂದಿರದಲ್ಲಿ ಟಿಕೆಟ್ ಕೊಡುತ್ತಾಳೆ ಎಂದು ಬರೆದಿದ್ದೆ. ಅದು ಸುಳ್ಳು. ಅವಳು ಆ ಊರಿಗೆ ಕಾಲಿಟ್ಟವಳೂ ಅಲ್ಲ. ನಿಮ್ಮ ಎರಡನೇ ಕಾಗದದ ಕೊನೆಯ ಸಾಲುಗಳು ಯಾರ ಬಾಯಿಂದ ಬಂದವು ಎಂದು ನೀವೇ ಹೇಳಿದ್ದಿರಿ. ಹಾಗಾಗಿ, ಯಾರು ಬರುತ್ತಾರೋ ನೋಡೋಣ ಎಂದು ಬರೆದೆ.

ಆ ಚಿತ್ರಮಂದಿರದ ಆಪರೇಟರ್ ನನ್ನ ಹಳೇ ಸ್ನೇಹಿತ. ಮಾರ್ಚಿ ಮೊದಲ ವಾರ ಅವನು ಫೋನ್ ಮಾಡಿದ. ಕೊರಿಯರ್ ಕಂಪನಿಯ ಅಂಗಿ ತೊಟ್ಟ ಗಂಡಸೊಬ್ಬ ಗುಬ್ಬಿಯ ಫೋಟೋ ಹಿಡಿದು ಕೌಂಟರಿಗೆ ಬಂದನಂತೆ. ಇಂಥವರು ಇಲ್ಲಿಲ್ಲ ಎಂದರೂ ನಂಬದೆ, ಎದುರಿನ ಟೀ ಅಂಗಡಿಯಲ್ಲಿ ಕೂತು ಮಾರನೆಯ ದಿನವೂ ಕಾದನಂತೆ. "ನೀವು ಅವಳಿಗೆ ಏನಾಗ್ಬೇಕು?" ಎಂದು ನನ್ನ ಸ್ನೇಹಿತ ಕೇಳಿದ್ದಕ್ಕೆ ಅವನು ಹೇಳಿದ್ದು, "ಗಂಡ."

ನಿಮಗೆ ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಈಗಲೂ ನಿಮ್ಮ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಮುಚ್ಚುಮರೆ ಯಾಕೆ. ಫೋನ್ ಕೂಡ ಮಾಡುವುದಿಲ್ಲ. ಫೋನಿನಲ್ಲಿ ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ತಿಳಿಯುವುದಿಲ್ಲ. ಹೆಚ್ಚಿಗೆ ಹೇಳುವ ಮೊದಲು ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡಿ. ನಿಮ್ಮ ಮನೆಯಲ್ಲಿ ಗುಬ್ಬಿ ಎಲ್ಲಿ ಮಲಗುತ್ತಿದ್ದಳು? ಆ ಕೋಣೆಗೆ ಒಳಗಿನಿಂದ ಚಿಲಕ ಇತ್ತೆ?

ಇಂತಿ,
ಸಂಕಲನಕಾರ್ತಿ

*

ಮೇ 6

ಮೇಡಂ,

ನಿಮ್ಮ ಕಾಗದ ಬಂದ ದಿನ ಒಂದು ಅಂಗಿಗೆ ಎರಡೂ ಎಡಗೈ ತೋಳು ಹಚ್ಚಿಟ್ಟೆ. ಕಟಿಂಗ್ ಮಾಸ್ಟರ್ ಬಿಚ್ಚಿಕೊಟ್ಟರು.

ಅವಳು ಮಲಗುತ್ತಿದ್ದುದು ನನ್ನ ಹೊಲಿಗೆ ಮಿಷನ್ ಇರುವ ಕೋಣೆಯಲ್ಲಿ. ಚಿಲಕ ಇತ್ತು. ಬಾಗಿಲಿಗೆ ಬಣ್ಣ ಹೊಡೆಯುವಾಗ ನಮ್ಮ ಯಜಮಾನರು ಬಿಚ್ಚಿದರು, ಮತ್ತೆ ಹಾಕಲಿಲ್ಲ. "ಅಕ್ಕಾ, ಒಂದು ಚಿಲಕ ತಂದ್ಕೊಡೇ" ಎಂದು ಗುಬ್ಬಿ ಕೇಳಿದ್ದಳು. "ಮನೇಲಿ ಇರೋದು ಮೂರು ಜನ, ಯಾರ್ ಬರ್ತಾರೆ ನಿನ್ನ ಕೋಣೆಗೆ?" ಎಂದು ನಾನು ನಕ್ಕಿದ್ದೆ. ನಿಮ್ಮ ಕಾಗದ ಬಂದ ಸಂಜೆ ಮನೆಗೆ ಹೋಗಿ ಬಾಗಿಲು ತಡವಿ ನೋಡಿದೆ. ಸ್ಕ್ರೂ ತೂತುಗಳಿಗೆ ಮೇಣ ತುಂಬಿ, ಉಜ್ಜಿ, ಮೇಲೆ ಬಣ್ಣ ಬಳಿದಿದೆ. ಮರೆತು ಬಿಟ್ಟ ಕೆಲಸ ಹಾಗಿರುವುದಿಲ್ಲ.

ಕೆಲವು ದಿನ ಬಾಯಿ ಬಿಗಿಹಿಡಿದು ಅವರನ್ನು ಗಮನಿಸುತ್ತ ಹೋದೆ. ಡಬ್ಬದ ಕೀಲಿ ಜೇಬಿನಿಂದ ತೆಗೆಯುವುದು, ನನ್ನ ಕೈಚೀಲ ಇದ್ದ ಜಾಗ ಬದಲಾಗುವುದು, ಅಂಗಡಿಯಿಂದ ತಡವಾದರೆ ಯಾರ ಜೊತೆ ಮಾತಾಡುತ್ತಿದ್ದೆ ಎಂದು ಕೇಳುವುದು. ಇದೆಲ್ಲ ಮೊದಲೂ ಇತ್ತು, ಅದಕ್ಕೆ ನಾನು ಕಾಳಜಿ ಎಂದು ಹೆಸರಿಟ್ಟುಕೊಂಡಿದ್ದೆ. ಒಂದು ಭಾನುವಾರ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

"ಬಂದರಿನ ಕಡೆ ಹೋಗಿದ್ರಾ?"

"ಯಾರು ಹೇಳಿದ್ದು?" ಎಂದರು. ಇಲ್ಲ ಎನ್ನಲಿಲ್ಲ.

"ಗಂಡ ಅಂತ ಹೇಳ್ಕೊಂಡ್ರಂತೆ."

"ಹಾಗನ್ನದಿದ್ರೆ ಯಾರು ಬಾಯ್ಬಿಡ್ತಾರೆ? ನಿನ್ನ ತಂಗಿಗೋಸ್ಕರ ತಾನೆ ನಾನು ಒದ್ದಾಡ್ತಿರೋದು?"

"ಕಾಗದ ಯಾಕೆ ಮುಚ್ಚಿಟ್ರಿ?"

"ಸುಮ್ನೆ ಆಸೆ ಹುಟ್ಟಿಸಬಾರದು ಅಂತ."

ಎಲ್ಲಕ್ಕೂ ಉತ್ತರವಿತ್ತು, ಎಲ್ಲವೂ ಒಪ್ಪುವಂತೆಯೇ ಇತ್ತು. ಕೊನೆಗೆ, "ಆ ಕೋಣೆ ಚಿಲಕ ಯಾಕೆ ತೆಗೆದ್ರಿ?" ಎಂದೆ. ಅವರ ಮುಂದಿದ್ದ ತಟ್ಟೆ ಗೋಡೆಗೆ ಹೋಗಿ ಬಿತ್ತು.

ಮಾರನೇ ದಿನ ಅಂಗಡಿ ಯಜಮಾನಿಗೂ ಕಟಿಂಗ್ ಮಾಸ್ಟರಿಗೂ ಎಲ್ಲ ಹೇಳಿದೆ. ಯಜಮಾನಿ ಅಂಗಡಿಗೆ ಬೀಗ ಹಾಕಿ, "ನಡೀರಿ" ಎಂದರು. ಮನೆ ನಮ್ಮಪ್ಪ ಕಟ್ಟಿಸಿದ್ದು, ಕಾಗದಪತ್ರ ಅಕ್ಕತಂಗಿ ನಮ್ಮಿಬ್ಬರ ಹೆಸರಲ್ಲಿದೆ. ನಮ್ಮ ಯಜಮಾನರ ಬಟ್ಟೆಬರೆಯನ್ನೆಲ್ಲ ಅವರದೇ ಆಫೀಸಿನ ರಟ್ಟಿನ ಡಬ್ಬಗಳಿಗೆ ತುಂಬಿ ಜಗಲಿಯಲ್ಲಿಟ್ಟೆವು, ಬೀಗ ಬದಲಾಯಿಸಿದೆವು. ಸಂಜೆ ಬಂದರು. ಬೀದಿಯವರೆಲ್ಲ ಕೇಳುವ ಹಾಗೆ ಕೂಗಾಡಿದರು, ಆಮೇಲೆ ಅತ್ತರು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಬಾಗಿಲು ತೆಗೆಯಲಿಲ್ಲ. ಪೊಲೀಸರಿಗೂ ಬರೆದುಕೊಟ್ಟಿದ್ದೇನೆ. "ತಂಗೀನೇ ಬಂದು ಹೇಳ್ಬೇಕಲ್ಲಮ್ಮ" ಎಂದರು.

ಅವಳು ಬದುಕಿದ್ದಾಳಾ ಮೇಡಂ? ಅಷ್ಟು ಹೇಳಿ.

ಗುಬ್ಬಿಯ ಅಕ್ಕ

*

ಮೇ 19

ಅಮ್ಮಾ,

ಬದುಕಿದ್ದಾಳೆ. ಚೆನ್ನಾಗಿದ್ದಾಳೆ. ಇದನ್ನು ಜನವರಿಯಲ್ಲೇ ಬರೆಯಬಹುದಿತ್ತು. ಬರೆಯಬಾರದೆಂದು ಅವಳಿಗೆ ಮಾತು ಕೊಟ್ಟಿದ್ದೆ.

ತೆಗೆದುಹಾಕಿದ ದೃಶ್ಯದ ಬಗ್ಗೆ ಕೇಳಿದ್ದಿರಿ. ಕೋಣೆಯೊಳಗೆ ಹೋದ ಹುಡುಗಿ ಅಲ್ಲಿ ಸಾಯುವುದಿಲ್ಲ. ಹಿಂದಿನ ಮೆಟ್ಟಿಲಿಳಿದು, ಚಾದರಗಳನ್ನು ಬಿಸಾಕಿ ಓಡುತ್ತಾಳೆ. ಬೆಳಗಿನ ಬಿಸಿಲಲ್ಲಿ ಬಸ್ ಸ್ಟಾಪಿನಲ್ಲಿ ನಿಂತು ಏದುಸಿರು ಬಿಡುತ್ತಾಳೆ. ಮುಖ ಪರದೆ ತುಂಬ ಕಾಣುತ್ತದೆ. ಇಡೀ ಚಿತ್ರದಲ್ಲಿ ನನಗೆ ಇಷ್ಟವಾದದ್ದು ಅದೊಂದೇ.

ಸಂಕಲನ ನಡೆಯುವಾಗ ಅವಳು ನನ್ನ ಕೋಣೆಗೆ ಹುಡುಕಿಕೊಂಡು ಬಂದಳು. "ಮೇಡಂ, ನಾನು ಬಿಸಿಲಲ್ಲಿ ನಿಂತಿರೋದನ್ನ ತೆಗೆದ್ಬಿಡಿ. ಬಾಗಿಲು ಮುಚ್ಚಿದ ಮೇಲೆ ನಾನು ಕಾಣಿಸ್ಲೇಬಾರದು" ಎಂದಳು. ಸಣ್ಣ ಪಾತ್ರದವರೆಲ್ಲ ಇನ್ನೊಂದು ಕ್ಷಣ ಕಾಣಿಸಲಿ ಎಂದು ಗೋಗರೆಯುತ್ತಾರೆ. ಇವಳೇನಪ್ಪ ಹೀಗೆ ಎಂದು ಅನುಮಾನ ಬಂದು ಕೂರಿಸಿ ಕೇಳಿದೆ. ಹೇಳಿಕೊಳ್ಳಲು ಅವಳಿಗೆ ಬಹಳ ದಿನ ಹಿಡಿಯಿತು. ನಡುನಡುವೆ ನಗುತ್ತಿದ್ದಳು. ಆ ನಗುವನ್ನೇ ನಾನು ಬಾಯಿತಪ್ಪಿ ನಿಮಗೆ ಬರೆದೆ, ನೀವು ಹಿಡಿದಿರಿ. ದೃಶ್ಯ ಕತ್ತರಿಸಿದೆ. ನಿರ್ದೇಶಕರು, "ಈಗ ಭಯ ಜಾಸ್ತಿಯಾಯ್ತು" ಎಂದು ನನ್ನ ಬೆನ್ನು ತಟ್ಟಿದರು.

ನಿಮ್ಮನ್ನು ಯಾಕೆ ನಂಬಲಿಲ್ಲವೆಂದರೆ, ಅವಳಿಗೇ ಗೊತ್ತಿರಲಿಲ್ಲ. "ಅಕ್ಕನಿಗೆ ತಿಳಿದಿತ್ತೋ ಇಲ್ವೋ, ಅದೊಂದು ನನ್ನನ್ನ ಕೊಲ್ಲುತ್ತೆ" ಎಂದಿದ್ದಳು. ನಿಮ್ಮ ಮೇ ತಿಂಗಳ ಕಾಗದವನ್ನು ಅವಳಿಗೆ ಕಳಿಸಿದ್ದೇನೆ. ಇನ್ನು ಅವಳಿಷ್ಟ.

ಇಂತಿ,
ಸಂಕಲನಕಾರ್ತಿ

*

ಜೂನ್ 20

ಅಕ್ಕಾ,

ಇದನ್ನು ನೀನೇ ಓದುತ್ತಿದ್ದೀಯ ತಾನೆ? ಲಕೋಟೆ ಯಾರಾದರೂ ಬಿಚ್ಚಿ ಅಂಟಿಸಿದ ಹಾಗಿದ್ದರೆ ಇಲ್ಲಿಗೇ ನಿಲ್ಲಿಸು, ಮುಂದೆ ನಾನು ಬರೆದಿರುವ ಜಾಗಕ್ಕೆ ಬರಬೇಡ.

ಮೇಡಂ ನಿನ್ನ ಕಾಗದ ಕಳಿಸಿ ತಿಂಗಳಾಯಿತು. ಅಕ್ಷರ ನಿನ್ನದೇ. ಆದರೆ ಮೇಡಂ ಹಿಂದೆ ತೋರಿಸಿದ ಫೆಬ್ರವರಿಯ ಕಾಗದದ ಅಕ್ಷರವೂ ನಿನ್ನದೇ ಇತ್ತು, ಮಾತು ಅವನದು. ಅದಕ್ಕೇ ಇಷ್ಟು ದಿನ ಹಿಡಿಯಿತು.

ನಾನೀಗ ಡಬ್ಬಿಂಗಿನಲ್ಲಿ ಕೆಲಸ ಮಾಡುತ್ತೇನೆ. ದೆವ್ವದ ಚಿತ್ರಗಳಿಗೆ ಕಿರುಚುವ ಕೆಲಸ. ನಗಬೇಡ, ಇದಕ್ಕೂ ಬೇಡಿಕೆಯಿದೆ. ಪರದೆಯ ಮೇಲೆ ಬೇರೆ ಯಾರೋ ಬಾಯಿ ತೆಗೆಯುತ್ತಾರೆ, ದನಿ ನನ್ನದು. ಬಾವಿಗೆ ಬಿದ್ದವಳು, ಲಿಫ್ಟಿನಲ್ಲಿ ಸಿಕ್ಕಿಕೊಂಡವಳು, ಕನ್ನಡಿ ಮುಂದೆ ತಲೆ ಬಾಚುತ್ತಿದ್ದವಳು, ಎಲ್ಲರಿಗೂ ನಾನೇ. ಸಂಜೆ ಹೊತ್ತಿಗೆ ಗಂಟಲು ಕಟ್ಟಿ ಬಿಸಿನೀರು ಕುಡಿಯುತ್ತೇನೆ. ಮುಖ ಯಾರಿಗೂ ಕಾಣುವುದಿಲ್ಲ. ಅದೇ ನನಗೆ ಬೇಕಾಗಿದ್ದದ್ದು.

ಮನೆಯಲ್ಲಿ ನಡೆದದ್ದನ್ನು ಬರೆಯುವುದಿಲ್ಲ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಒಂದು ಮಾತು ಕೇಳಬೇಕು, ಅಷ್ಟೇ. ಮುಂದಿನ ತಿಂಗಳ ಮೊದಲ ಭಾನುವಾರ, ಸ್ಟುಡಿಯೋ ಇರುವ ಊರಿನ ಬಸ್ ನಿಲ್ದಾಣ. ಪೇಪರ್ ಅಂಗಡಿಯ ಮುಂದೆ ನಿಂತಿರು, ಹನ್ನೊಂದರ ಸುಮಾರಿಗೆ. ಒಬ್ಬಳೇ ಬಾ. ನಾನು ದೂರದಿಂದ ನೋಡುತ್ತಿರುತ್ತೇನೆ. ನಿನ್ನ ಹಿಂದೆ ಯಾರಾದರೂ ಇದ್ದರೆ ಹಾಗೇ ಹೊರಟುಹೋಗುತ್ತೇನೆ. ಆಮೇಲೆ ಮೇಡಂಗೂ ನಾನೆಲ್ಲಿದ್ದೇನೆಂದು ತಿಳಿಯುವುದಿಲ್ಲ.

ಗುಬ್ಬಿ

*

ಜುಲೈ 10

ಮೇಡಂ,

ಹೋಗಿಬಂದೆ. ನಿಮಗೆ ಹೇಳದಿದ್ದರೆ ಮನಸ್ಸು ತಡೆಯುವುದಿಲ್ಲ.

ಅವರು ಈಗಲೂ ಒಮ್ಮೊಮ್ಮೆ ನಮ್ಮ ಅಂಗಡಿಯ ಎದುರು ಸ್ಕೂಟರ್ ನಿಲ್ಲಿಸಿಕೊಂಡು ಕೂರುತ್ತಾರೆ. ಅದಕ್ಕೇ ಶನಿವಾರವೇ ಅಂಗಡಿ ಯಜಮಾನಿಯ ಮನೆಗೆ ಹೋಗಿ, ಬೆಳಿಗ್ಗೆ ಅವರ ಹಿತ್ತಿಲ ಬಾಗಿಲಿಂದ ಹೊರಟೆ. ಎರಡು ಬಸ್ ಬದಲಾಯಿಸಿದೆ. ಹತ್ತಿದವರನ್ನೆಲ್ಲ ದುರುಗುಟ್ಟಿ ನೋಡುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲವನ್ನು ಎದೆಗೆ ಅವುಚಿಕೊಂಡಳು, ನನ್ನನ್ನೇ ಕಳ್ಳಿ ಅಂದುಕೊಂಡಳೋ ಏನೋ.

ಪೇಪರ್ ಅಂಗಡಿಯ ಮುಂದೆ ನಿಂತೆ. ಬಹಳ ಹೊತ್ತು ಯಾರೂ ಬರಲಿಲ್ಲ. ಕಾಲು ಸೋತರೂ ಕೂರಲು ಭಯ, ಕೂತರೆ ಅವಳಿಗೆ ಕಾಣುವುದಿಲ್ಲವೇನೋ ಎಂದು. ಬಿಸಿಲು ನನ್ನ ಕಾಲಬುಡಕ್ಕೆ ಬಂತು. ಇನ್ನು ಬರಲಾರಳು ಅಂದುಕೊಂಡೆ. ಅಷ್ಟರಲ್ಲಿ ಹಿಂದಿನಿಂದ, "ಸ್ವಲ್ಪ ಜಾಗ ಬಿಡಿ" ಎಂದು ಯಾವುದೋ ಗೊಗ್ಗರು ದನಿ. ಸರಿದು ನಿಂತೆ. ತಿರುಗಿ ನೋಡಿದರೆ ಗುಬ್ಬಿ. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಾಳೆ. ಅವಳ ದನಿಯೇ ನನಗೆ ಗುರುತು ಸಿಗಲಿಲ್ಲ ಮೇಡಂ. ಅವಳು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಭುಜದಾಚೆ ನೋಡುತ್ತಿದ್ದಳು.

ಕ್ಯಾಂಟೀನಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತಳು, ಬಾಗಿಲು ಕಾಣುವ ಹಾಗೆ. ಟೀ ಬಂತು. ಇಬ್ಬರೂ ಕುಡಿಯಲಿಲ್ಲ.

"ನಿನಗೆ ಗೊತ್ತಿತ್ತಾ ಅಕ್ಕಾ?"

ದಾರಿಯುದ್ದಕ್ಕೂ ಏನೇನೋ ಹೇಳಿಕೊಂಡು ಬಂದಿದ್ದೆ. ಎಲ್ಲ ಮರೆತುಹೋಯಿತು. "ಗೊತ್ತಿರ್ಲಿಲ್ಲ ಕಣೇ" ಎಂದೆ. ಅಷ್ಟಕ್ಕೇ ಬಿಟ್ಟರೆ ಅದೂ ಸುಳ್ಳಾಗುತ್ತದೆ ಅನ್ನಿಸಿತು. "ನೀನು ಊಟಕ್ಕೆ ಅವರು ಎದ್ದ ಮೇಲೇ ಬರ್ತಿದ್ದೆ. ನಾನು ಮನೇಲಿ ಇಲ್ಲದಾಗ ಪಕ್ಕದ ಮನೇಲಿ ಇರ್ತಿದ್ದೆ. ಅದೆಲ್ಲ ಕಣ್ಣಿಗೆ ಬೀಳ್ತಿತ್ತು. ಯಾಕೆ ಅಂತ ನಾನು ಕೇಳ್ಲಿಲ್ಲ" ಎಂದೆ.

ನಂಬಿದೆ ಎಂದು ಅವಳು ಹೇಳಲಿಲ್ಲ. ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು, ನನ್ನ ಲೋಟ ಮುಟ್ಟಿ ನೋಡಿ, "ಇದೂ ಆರೋಯ್ತು, ಬೇರೆ ಹೇಳ್ಲಾ?" ಎಂದಳು. ಆಮೇಲೆ ಸ್ವಲ್ಪ ಸ್ವಲ್ಪ ಮಾತಾಡಿದೆವು. ನನ್ನ ಬೆರಳಿಗೆ ಸೂಜಿ ಚುಚ್ಚಿದ ಗುರುತುಗಳನ್ನು ನೋಡಿ ಬೈದಳು. ಪೊಲೀಸರ ಹತ್ತಿರ ಬಂದು ಹೇಳುತ್ತೀಯಾ ಎಂದದ್ದಕ್ಕೆ, "ಯೋಚ್ನೆ ಮಾಡ್ತೀನಿ. ಒತ್ತಾಯ ಮಾಡ್ಬೇಡ" ಎಂದಳು. ಮಾಡಲಿಲ್ಲ.

ಎಲ್ಲಿರುತ್ತಾಳೆಂದು ಅವಳು ಹೇಳಲಿಲ್ಲ. ನಾಲಿಗೆ ತುದಿಗೆ ಬಂದಿತ್ತು, ಆದರೂ ನಾನು ಕೇಳಲಿಲ್ಲ.

ಬಸ್ಸಿನ ತನಕ ಬಂದಳು. ನಾನು ಹತ್ತಿ ಕಿಟಕಿ ಪಕ್ಕ ಕೂತೆ. ನನ್ನ ಹಿಂದೆ ಹತ್ತುತ್ತಿದ್ದ ಒಬ್ಬೊಬ್ಬರನ್ನೂ ಅವಳು ಮೇಲಿಂದ ಕೆಳಗೆ ನೋಡುತ್ತಿದ್ದಳು. ಬಸ್ಸು ಹೊರಟಾಗ ನಾಲ್ಕು ಹೆಜ್ಜೆ ಜೊತೆಗೇ ಓಡಿಬಂದು ಕಿಟಕಿಗೆ ಕೈ ಬಡಿದು ಹೇಳಿದಳು:

"ಮುಂದಿನ ತಿಂಗಳು ಬೇರೆ ಜಾಗ ಹೇಳ್ತೀನಿ. ಅಲ್ಲಿಗೆ ಬಾ."

ಇಂತಿ,
ಗುಬ್ಬಿಯ ಅಕ್ಕ